ಪರ್ವತವಿಲ್ಲದ ಸೀಮೆಯಲ್ಲಿ ಪರ್ವತದ ಬೈಸಿಕಲ್ಲು

ವಸ್ತುವಿಗೆ ತೆರುವ ಬೆಲೆ ಒಂದು, ಅದರಿಂದ ದೊರೆಯುವ ಪ್ರಯೋಜನ ಮತ್ತೊಂದು. ಮೊದಲನೆಯದನ್ನು ಅಂಗಡಿಕಾರನು ಚೀಟಿಯಲ್ಲಿ ಬರೆದು ತೂಗುಹಾಕಿರುತ್ತಾನೆ. ಎರಡನೆಯದನ್ನು ಕೊಳ್ಳುವವನೇ ಮನೆಯಲ್ಲಿ ಕುಳಿತು ಬರೆದುಕೊಳ್ಳಬೇಕು. ಅನೇಕರು ಹೀಗೆ ಬರೆದುಕೊಳ್ಳುವುದಿಲ್ಲವಾದ್ದರಿಂದಲೇ ಎಷ್ಟೋ ಮನೆಗಳ ಅಟ್ಟದ ಮೇಲೆ ಧೂಳು ಹಿಡಿದ ಸಾಮಾನು ಬೆಳೆಯುತ್ತದೆ.

ಬಸವಕಲ್ಯಾಣದ ಹಳೆಯ ಪೇಟೆಯಲ್ಲಿ, ಕೋಟೆಗೆ ಅನತಿದೂರದಲ್ಲಿ, ನೋಂದಣಿ ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತರಾದ ವೃದ್ಧರೊಬ್ಬರಿದ್ದಾರೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳ ನಡುವೆ ಅವರ ಆಯುಷ್ಯದ ಬಹುಭಾಗ ಕಳೆದಿದೆ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದ್ದು ಇದೇ ಕಲ್ಯಾಣದಲ್ಲಿ ಎಂಬ ಅಭಿಮಾನ ಅವರಿಗೆ ಉಂಟು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೂ ಮೊಮ್ಮಗನಿಗೂ ಜನ್ಮದಿಂದಲೇ ಹಕ್ಕುಂಟೆಂಬುದು ಆ ಗ್ರಂಥದ ಮತ. ಶತಮಾನಗಳವರೆಗೆ ಹೆಣ್ಣುಮಕ್ಕಳು ಈ ಜನ್ಮಸ್ವತ್ವದ ಹೊರಗೆ ಉಳಿದಿದ್ದರು. ಕರ್ಣಾಟಕದಲ್ಲಿ 1994ರ ತಿದ್ದುಪಡಿಯಿಂದಲೂ ಇಡೀ ದೇಶದಲ್ಲಿ 2005ರ ತಿದ್ದುಪಡಿಯಿಂದಲೂ ಅವರಿಗೆ ಸಮಭಾಗ ಬಂದಿತು. ಕಾಯಿದೆಯೇನೋ ಬದಲಾಯಿತು, ಆದರೆ ಅಕ್ಕತಂಗಿಯರು ಬಂದು ಅಣ್ಣತಮ್ಮಂದಿರ ಹೆಸರಿಗೆ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವುದನ್ನು ಗುಮಾಸ್ತರು ತಮ್ಮ ಮೇಜಿನ ಆಚೆ ಎಷ್ಟು ಸಲ ಕಂಡಿದ್ದರೋ ಲೆಕ್ಕವಿಲ್ಲ.

ಇಂಥವರಿಗೆ ಮೊಮ್ಮಗನಿಂದ ಒಂದು ವ್ಯಾಜ್ಯ ಒದಗಿತು. ಹುಡುಗನಿಗೆ ಹದಿನಾರು ವರ್ಷ; ಅಜ್ಜನ ಮನೆಯಲ್ಲಿದ್ದು ಬಸವಕಲ್ಯಾಣದ ಕಾಲೇಜಿನಲ್ಲಿ ಓದುತ್ತಾನೆ. ತಂದೆತಾಯಿಗಳೂ ಅಕ್ಕನೂ ಹುಮನಾಬಾದಿನಿಂದ 7 ಕಿಲೋಮೀಟರು ದೂರದ ಹಳ್ಳಿಯಲ್ಲಿದ್ದಾರೆ. "ಎಸ್ಸೆಸ್ಸೆಲ್ಸಿ ಪಾಸಾದ್ರ ಗೇರ್ ಸೈಕಲ್ ಕೊಡಸ್ತೀನಿ ಅಂದಿದ್ರಿ, ಮುತ್ಯಾ" ಎಂದು ಹುಡುಗನು ಒಂದು ಸಂಜೆ ನೆನಪಿಸಿದನು. ಮಾತು ಕೊಟ್ಟದ್ದು ದಿಟ. ಬ್ಯಾಂಕಿನ ಠೇವಣಿಯೊಂದು ಅವಧಿ ಮುಗಿದು 25,000 ರೂಪಾಯಿ ಕೈಗೆ ಬಂದದ್ದೂ ದಿಟ. ಹುಡುಗನು ಗೊತ್ತುಮಾಡಿಕೊಂಡಿದ್ದ ಬೈಸಿಕಲ್ಲಿನ ಬೆಲೆಯೂ ಸರಿಯಾಗಿ ಅಷ್ಟೇ ಆಗಿತ್ತು: ಇಪ್ಪತ್ತೊಂದು ಗೇರು, ಮುಂದೆ ಸ್ಪ್ರಿಂಗಿನ ಫೋರ್ಕು, ಎರಡು ಡಿಸ್ಕ್ ಬ್ರೇಕು, ದಪ್ಪ ಗುಬ್ಬಿಗಳ ಟೈರು. ಅದರ ಮೇಲೆ ಹೆಲ್ಮೆಟ್ಟು, ಕೈಗವಸು, ಮೈಗಂಟುವ ಉಡುಪು ಬೇರೆ ಬೇಕೆನ್ನುತ್ತಿದ್ದನು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ ಎಂಬ ವಾದವನ್ನೂ ಅವನು ಮುಂದಿಟ್ಟನು. ಈ ಲೌಕಿಕ ಜ್ಞಾನಕ್ಕೆ ಅಜ್ಜನವರು ಮನಸ್ಸಿನಲ್ಲೇ ಮೆಚ್ಚಿದರು.

ಪರ್ವತದ ಬೈಸಿಕಲ್ಲೆಂದರೇನು? 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸನು ಪೆಡಲ್ಲೇ ಇಲ್ಲದ, ನೆಲವನ್ನು ಕಾಲಿನಿಂದ ಒದ್ದು ನಡೆಸುವ ದ್ವಿಚಕ್ರವನ್ನು ಓಡಿಸಿ ತೋರಿಸಿದನು. ಹುಮನಾಬಾದಿನ ನೆರೆಯ ಮಾಣಿಕನಗರಕ್ಕೆ ಹೆಸರು ತಂದ ಮಾಣಿಕಪ್ರಭುಗಳು ಜನಿಸಿದ ವರ್ಷವೂ ಅದೇ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಯು ಎರಡೂ ಚಕ್ರಗಳು ಹೆಚ್ಚುಕಡಮೆ ಸಮನಾಗಿರುವ, ಚೈನಿನಿಂದ ನಡೆಯುವ ಸೈಕಲ್ಲನ್ನು ತಂದನು; 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ಕೊಟ್ಟನು. ಪರ್ವತದ ಸೈಕಲ್ಲು ಬಹಳ ಈಚಿನದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಾಮಲ್ಪೈಸ್ ಬೆಟ್ಟದ ಸುತ್ತಿನ ಕೆಲವು ತರುಣರು ಮೂಲೆಗೆ ಬಿದ್ದಿದ್ದ ಹಳೆಯ ಭಾರವಾದ ಸೈಕಲ್ಲುಗಳನ್ನು ಏರಿ ಮಣ್ಣುದಾರಿಗಳಲ್ಲಿ ಇಳಿಯತೊಡಗಿದರು. ಇಳಿಜಾರು ಎಷ್ಟು ಕಡಿದಾಗಿತ್ತೆಂದರೆ ಹಿಂದಿನ ಚಕ್ರದ ಬ್ರೇಕು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ತುಂಬಬೇಕಾಗುತ್ತಿತ್ತು. 1976ರಲ್ಲಿ ಅಲ್ಲಿ ಆರಂಭವಾದ ಪಂದ್ಯಕ್ಕೆ 'ರೀಪ್ಯಾಕ್' ಎಂಬ ಹೆಸರು ಬಂದದ್ದು ಇದರಿಂದಲೇ. 1977ರಲ್ಲಿ ಜೋ ಬ್ರೀಜ್ ಎಂಬವನು ಈ ಕೆಲಸಕ್ಕೆಂದೇ ಹೊಸ ಚೌಕಟ್ಟನ್ನು ಮಾಡಿದನು. 1981ರಿಂದ ಅಂಥವು ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಸಿದ್ಧವಾಗಿ ಮಾರುಕಟ್ಟೆಗೆ ಬಂದವು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ತರುಣರು ಮೊದಲು ಬೆಟ್ಟವನ್ನು ಇಳಿದರು, ತರುವಾಯ ಸಾಮಾನನ್ನು ಮಾಡಿಕೊಂಡರು. ಅವಶ್ಯಕತೆ ಮುಂದೆ ನಡೆಯಿತು, ವೆಚ್ಚ ಅದರ ಹಿಂದೆ ಬಂದಿತು.

ಬಸವಕಲ್ಯಾಣ ಹುಮನಾಬಾದುಗಳ ಸೀಮೆಯಲ್ಲಿ ಪರ್ವತವೆಲ್ಲಿದೆ? ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಪ್ರಸ್ಥಭೂಮಿಯೇನೋ ಹೌದು. ಆದರೆ ನೆಲವು ಅಲೆಯಲೆಯಾಗಿ ಏರಿಳಿಯುವುದೇ ಹೊರತು ಶಿಖರವಾಗಿ ನಿಲ್ಲುವುದಿಲ್ಲ. ಕೆಲವೆಡೆ ಕೆಂಪು ಜಂಬಿಟ್ಟಿಗೆಯ ದಿಣ್ಣೆ, ಕೆಲವೆಡೆ ತೊಗರಿ ಜೋಳ ಬೆಳೆಯುವ ಕರಿಯ ಎರೆಭೂಮಿ. ಮಳೆ ಬಿದ್ದ ಎರೆಯಲ್ಲಿ ಸಾವಿರದ ಸೈಕಲ್ಲೂ ಲಕ್ಷದ ಸೈಕಲ್ಲೂ ಸಮಾನ. ಎರಡರ ಚಕ್ರಗಳೂ ಮಣ್ಣು ತುಂಬಿ ನಿಲ್ಲುತ್ತವೆ, ಎರಡನ್ನೂ ಹೆಗಲ ಮೇಲೆಯೇ ಹೊರಬೇಕು. ಜಾಲಿಯ ಮುಳ್ಳಿಗೂ ಟೈರಿನ ದಪ್ಪವೆಷ್ಟೆಂಬ ವಿಚಾರವಿಲ್ಲ.

ಪೇಟೆಯ ಸೈಕಲ್ ಉಸ್ತಾದರನ್ನು ಕೇಳಿದಾಗ ಅವರು ಸಂಕೋಚವಿಲ್ಲದೆ ಹೇಳಿದರು. ಈ ಬೆಲೆಯ ಸೈಕಲ್ಲಿನ ಮುಂದಿನ ಫೋರ್ಕಿನಲ್ಲಿರುವುದು ಬರಿಯ ಕಬ್ಬಿಣದ ಸ್ಪ್ರಿಂಗು. ಅದರಿಂದ ತೂಕ ಹೆಚ್ಚುತ್ತದೆ, ಏರಿನಲ್ಲಿ ಎದ್ದುನಿಂತು ತುಳಿದರೆ ಕಾಲಿನ ಬಲದಲ್ಲಿ ಒಂದು ಪಾಲನ್ನು ಅದೇ ನುಂಗುತ್ತದೆ. ಗುಬ್ಬಿಯ ಟೈರು ಮಣ್ಣಿನಲ್ಲಿ ಹಿಡಿತ ಕೊಡುತ್ತದೆ, ಡಾಂಬರಿನ ಮೇಲೆ ಎಳೆಯುತ್ತದೆ. ಮೂರು ಏಳಲಿ ಇಪ್ಪತ್ತೊಂದೆಂದು ಎಣಿಸುವ ಗೇರುಗಳಲ್ಲಿ ಹಲವು ಒಂದಕ್ಕೊಂದು ಸಮನಾದವು. ನಿಜವಾಗಿ ಕಲ್ಲುಬಂಡೆಗಳ ಮೇಲೆ ಓಡಿಸತಕ್ಕ ಸೈಕಲ್ಲಿಗೆ ಇದರ ಎರಡರಷ್ಟೋ ಮೂರರಷ್ಟೋ ಹಣ ಬೇಕು. "ನೋಡಲಿಕ್ಕೆ ಪೈಲ್ವಾನ, ಕುಸ್ತಿಗೆ ಅಲ್ಲ" ಎಂದು ಅವರು ಮುಗಿಸಿದರು.

ಇಷ್ಟನ್ನು ಕೇಳಿ ಅಜ್ಜನವರು ಸೈಕಲ್ಲು ಬೇಡವೆಂದೇ ನಿಶ್ಚಯಿಸಿದ್ದರು. ಆದರೆ ಆ ನಿಶ್ಚಯ ಹುಮನಾಬಾದಿನಲ್ಲಿ ಸಡಿಲಿತು. ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆಗೆಂದು ಅಜ್ಜನೂ ಮೊಮ್ಮಗನೂ ಅಲ್ಲಿಗೆ ಹೋಗಿ ಹಳ್ಳಿಯ ಮನೆಯಲ್ಲಿ ಇಳಿದುಕೊಂಡಿದ್ದರು. ಹುಡುಗನು ಗೆಳೆಯನೊಬ್ಬನಿಂದ ಅಂಥದೇ ಸೈಕಲ್ಲನ್ನು ಎರವು ತಂದು, ಊರ ಹೊರಗಿನ ದಿಣ್ಣೆಯನ್ನು ಎರಡು ಸಲ ಏರಿ ತೋರಿಸಿದನು. ನೋಡುತ್ತ ನಿಂತಿದ್ದ ಅಕ್ಕನು "ಮುತ್ಯಾ, ನಾ ಒಂದ್ಸಲ ಹೊಡದು ನೋಡ್ಲಿ?" ಎಂದಳು.

ಈ ಹುಡುಗಿಯ ವಿಷಯ ಹೇಳಬೇಕು. ಅವಳು ಹುಮನಾಬಾದಿನಲ್ಲಿ ಪದವಿ ತರಗತಿಯ ವಿಜ್ಞಾನ ಓದುತ್ತಾಳೆ. ರಾಜ್ಯ ಸರಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಂತೆ ಎಂಟನೆಯ ತರಗತಿಯಲ್ಲಿ ಸೈಕಲ್ಲು ಪಡೆದ ಮಕ್ಕಳಲ್ಲಿ ಅವಳೂ ಒಬ್ಬಳು. ಅದರ ಮೇಲೆಯೇ ಹೈಸ್ಕೂಲು ಮುಗಿಸಿದಳು. ಈಗ ಅದು ತುಕ್ಕು ಹಿಡಿದು ದನದ ಕೊಟ್ಟಿಗೆಯ ಗೋಡೆಗೆ ಒರಗಿದೆ. 2023ರ ಜೂನ್ 11ರಂದು ಪ್ರಾರಂಭವಾದ ಶಕ್ತಿ ಯೋಜನೆಯಿಂದ ಅವಳಿಗೆ ಬಸ್ಸಿನ ಚೀಟಿಗೆ ಕಾಸಿಲ್ಲ. ಆದುದರಿಂದ ಮನೆಯವರು ಅವಳಿಗೆ ವಾಹನದ ತೊಂದರೆಯೇ ಇಲ್ಲವೆಂದು ನಂಬಿದ್ದರು. ಆದರೆ ಸಂಜೆಯ ಪ್ರಯೋಗಶಾಲೆಯ ವೇಳೆಗೂ ಬಸ್ಸಿನ ವೇಳೆಗೂ ಹೊಂದಿಕೆಯಿರಲಿಲ್ಲ. ವಾರದಲ್ಲಿ ಎರಡು ದಿನ ಅವಳು ಪ್ರಯೋಗವನ್ನು ಅರ್ಧಕ್ಕೆ ಬಿಟ್ಟು ಬರುತ್ತಿದ್ದಳು. ಇದನ್ನು ಮನೆಯಲ್ಲಿ ಹೇಳಿಯೂ ಇರಲಿಲ್ಲ; ಹೇಳಿದರೆ ಕಾಲೇಜನ್ನೇ ಬಿಡಿಸಿಯಾರೆಂಬ ಭಯ.

ಅವಳು ಪುಸ್ತಕದ ಚೀಲವನ್ನು ಬೆನ್ನಿಗೆ ಹಾಕಿಕೊಂಡೇ ಸೈಕಲ್ಲನ್ನು ಏರಿದಳು. ದಿಣ್ಣೆಯ ಬುಡದಲ್ಲಿ ತಮ್ಮನು ಕೂಗಿ ಹೇಳಿದಂತೆ ಗೇರನ್ನು ಇಳಿಸಿ, ಎಲ್ಲಿಯೂ ಇಳಿಯದೆ ನೆತ್ತಿಯವರೆಗೆ ಹೋದಳು. "ನಮ್ಮ ಸರಕಾರಿ ಸೈಕಲ್ಲಿನ್ಯಾಗ ಇಲ್ಲಿ ದಿನಾ ಇಳದು ನೂಕತಿದ್ದೆ" ಎಂದು ಮರಳಿ ಬಂದು ಹೇಳಿದಳು. ಸಂಜೆಯ ಬಸ್ಸಿನ ಸಂಗತಿಯೂ ಆ ಉತ್ಸಾಹದಲ್ಲಿಯೇ ಬಾಯಿಂದ ಹೊರಬಿದ್ದಿತು.

ಗೇರಿನಲ್ಲಿ ಮಾಯೆಯೇನೂ ಇಲ್ಲ. ಸಾಮಾನ್ಯ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲ್ಲಿನ ಒಂದು ಸುತ್ತಿಗೆ ಗಾಲಿಯು ಸುಮಾರು ಎರಡೂವರೆ ಸುತ್ತು ಸುತ್ತಿ 5 ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಬಯಲಿನಲ್ಲಿ ಇದು ಒಳ್ಳೆಯದು. ಏರಿನಲ್ಲಿ ಮೊಣಕಾಲಿಗೆ ಕಂಟಕ. ಮುಂದೆ 24, ಹಿಂದೆ 28 ಹಲ್ಲುಗಳ ಮೇಲೆ ಚೈನು ಕುಳಿತರೆ ಅದೇ ಒಂದು ಸುತ್ತಿಗೆ ಹೋಗುವುದು 2 ಮೀಟರಿಗಿಂತ ಕಡಮೆ. ಏರಬೇಕಾದ ಎತ್ತರ ಕಡಮೆಯಾಗುವುದಿಲ್ಲ, ಮಾಡಬೇಕಾದ ಕೆಲಸವೂ ಕಡಮೆಯಾಗುವುದಿಲ್ಲ. ಒಂದೊಂದು ತುಳಿತಕ್ಕೆ ಬೇಕಾದ ಬಲ ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ದೊಡ್ಡ ಸಾಲವನ್ನು ಸಣ್ಣ ಕಂತುಗಳಾಗಿ ತೀರಿಸುವಂತೆ ಎಂದು ಗುಮಾಸ್ತರು ಅರ್ಥಮಾಡಿಕೊಂಡರು.

ಆ ರಾತ್ರಿ ಅವರು ಕಾಗದದ ಮೇಲೆ ಎರಡು ಲೆಕ್ಕ ಬರೆದರು. ಹುಡುಗನ ಮನೆಗೂ ಕಾಲೇಜಿಗೂ ದೂರ 1 ಕಿಲೋಮೀಟರು. ವರ್ಷಕ್ಕೆ 200 ದಿನವೆಂದರೆ 400 ಕಿಲೋಮೀಟರು, ಮೂರು ವರ್ಷಕ್ಕೆ 1,200. 25,000 ರೂಪಾಯಿಯನ್ನು ಇದರಿಂದ ಭಾಗಿಸಿದರೆ ಕಿಲೋಮೀಟರಿಗೆ ಸುಮಾರು 21 ರೂಪಾಯಿ. ಹುಡುಗಿಗೆ ದಿನಕ್ಕೆ 14 ಕಿಲೋಮೀಟರು, ಮೂರು ವರ್ಷಕ್ಕೆ 8,400. ಅವಳಿಗೆ ಬೇಕಾದದ್ದು ಸ್ಪ್ರಿಂಗಿಲ್ಲದ, ಏಳು ಗೇರಿನ, ಮಡ್‌ಗಾರ್ಡು ಕ್ಯಾರಿಯರ್ ಇರುವ ಸೈಕಲ್ಲು, ಬೆಲೆ 15,000. ಹೆಲ್ಮೆಟ್ಟು, ಮುಂದಿನ ಹಿಂದಿನ ದೀಪ, ಬೀಗ, ಪಂಪು ಸೇರಿ ಇನ್ನು 2,500. ಕಿಲೋಮೀಟರಿಗೆ ಎರಡು ರೂಪಾಯಿಯ ಮೇಲೆ ಎಂಟು ಪೈಸೆ. ಉಡುಪು ಕೈಗವಸುಗಳನ್ನು ಅವರು ಪಟ್ಟಿಯಿಂದ ಹೊಡೆದುಹಾಕಿದರು. ಹೆಲ್ಮೆಟ್ಟನ್ನೂ ದೀಪವನ್ನೂ ಹೊಡೆದುಹಾಕಲಿಲ್ಲ. ಚಳಿಗಾಲದ ಸಂಜೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ದಾರಿಯಲ್ಲಿ ಅವು ಅಲಂಕಾರವಲ್ಲ.

ಲೆಕ್ಕ ಸರಿಯಾಯಿತು, ಮಾತು ಉಳಿಯಿತು. ಕೊಟ್ಟ ಮಾತನ್ನು ಲೆಕ್ಕದಿಂದ ಅಳಿಸಲಾಗದು. ಹಣವು ಸ್ವಯಾರ್ಜಿತ, ಅದರಲ್ಲಿ ಮೊಮ್ಮಗನಿಗೆ ಜನ್ಮಸ್ವತ್ವವಿಲ್ಲವೆಂದು ಶಾಸ್ತ್ರ ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು. ಅದನ್ನು ಅವರು ಮಾಡಲಿಲ್ಲ. ಬಸವಕಲ್ಯಾಣಕ್ಕೆ ಮರಳಿದ ಮೇಲೆ ಆ ಕಾಗದವನ್ನು ಹುಡುಗನ ಮುಂದಿಟ್ಟು, "ನಿನ್ನ ಹಕ್ಕದ. ಬಿಡು ಅಂತ ನಾ ಹೇಳಂಗಿಲ್ಲ. ಓದಿ ನೀನೇ ಹೇಳು" ಎಂದರು.

ಹುಡುಗನು ಎರಡು ದಿನ ಮಾತಾಡಲಿಲ್ಲ. ಅವನ ಆಸೆಯೂ ಹಗುರವಾದದ್ದಲ್ಲ. ಭಾನುವಾರಗಳಲ್ಲಿ ಗೆಳೆಯರು ಕೂಡಿ ದೂರದೂರಕ್ಕೆ ಸವಾರಿ ಹೋಗುತ್ತಾರೆ. ಹುಮನಾಬಾದ ತಾಲ್ಲೂಕಿನ ಜಲಸಂಗಿಗೆ ಹೋಗಿ ಚಾಲುಕ್ಯರ ಗುಡಿಯ ಗೋಡೆಯ ಮೇಲೆ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಮದನಿಕೆಯನ್ನು ಅವರು ನೋಡಿ ಬಂದಾಗ ಇವನೊಬ್ಬನೇ ಮನೆಯಲ್ಲಿ ಉಳಿದಿದ್ದನು. ವಿಜಯಪುರ ಬಾಗಲಕೋಟೆಯ ಕಡೆಯ ತರುಣರು ಸೈಕಲ್ಲಿನ ಮೇಲೆಯೇ ಹೆಸರು ಗಳಿಸಿರುವುದೂ ಅವನಿಗೆ ಗೊತ್ತು. ನಿತ್ಯವೂ ದೂರದ ಸವಾರಿಯ ಅಭ್ಯಾಸವುಳ್ಳವನಿಗೆ ಬೆಲೆಯುಳ್ಳ ಸೈಕಲ್ಲು ದುಂದಲ್ಲ, ಆಯುಧ. ಆ ಅಭ್ಯಾಸ ತನಗೆ ಇನ್ನೂ ಬಂದಿಲ್ಲವೆಂಬುದೇ ಅವನು ಆ ಎರಡು ದಿನಗಳಲ್ಲಿ ನುಂಗಬೇಕಾಗಿದ್ದ ಕಹಿ.

ಮೂರನೆಯ ದಿನ ಬೆಳಿಗ್ಗೆ ಲೆಕ್ಕದ ಕಾಗದವು ಅಜ್ಜನ ಚಹದ ಬಟ್ಟಲಿನ ಕೆಳಗೆ ಇದ್ದಿತು. ಅದರ ಬುಡದಲ್ಲಿ ಹುಡುಗನು "ಅಕ್ಕನಿಗೆ ಕೊಡಸ್ರಿ" ಎಂದು ಬರೆದು ರುಜು ಹಾಕಿದ್ದನು. ಹಕ್ಕು ಬಿಡುಗಡೆಯ ಪತ್ರಗಳನ್ನು ಆಯುಷ್ಯವಿಡೀ ನಕಲು ಮಾಡಿದ ಗುಮಾಸ್ತರು ಆ ರುಜುವನ್ನು ಬಹಳ ಹೊತ್ತು ನೋಡಿದರು. ತಮ್ಮನು ಅಕ್ಕನಿಗಾಗಿ ಬರೆದುಕೊಟ್ಟ ಪತ್ರ ಅವರ ಕೈಗೆ ಬಂದದ್ದು ಅದೇ ಮೊದಲು.

ಉಳಿದ 7,500 ರೂಪಾಯಿಯಲ್ಲಿ 2,500ನ್ನು, ಅಜ್ಜನವರು 1974ರಲ್ಲಿ ನೌಕರಿಗೆ ಸೇರಿದಾಗ ಕೊಂಡಿದ್ದ ಸೈಕಲ್ಲಿಗೆ ಹೊಸ ಟೈರು, ಚೈನು, ಬ್ರೇಕಿನ ರಬ್ಬರು ಹಾಕಿಸಲು ಉಸ್ತಾದರಿಗೆ ಕೊಟ್ಟರು. 5,000ವು ಹುಡುಗನ ಹೆಸರಿನಲ್ಲಿ ಠೇವಣಿಯಾಯಿತು. ಒಂದು ವರ್ಷ ಭಾನುವಾರ ತಪ್ಪದೆ ಸವಾರಿ ನಡೆದರೆ ಮುಂದಿನ ಸೈಕಲ್ಲಿನ ಮಾತು ಆಗ ಎಂದು ಕರಾರು. ಈಗ ಹುಮನಾಬಾದಿನ ಹುಡುಗಿ ಪ್ರಯೋಗ ಮುಗಿಸಿಯೇ ದೀಪ ಹಚ್ಚಿಕೊಂಡು ಮನೆಗೆ ಬರುತ್ತಾಳೆ. ಬಸವಕಲ್ಯಾಣದ ಹುಡುಗನು ಐವತ್ತು ವರ್ಷ ಮೀರಿದ ಸೈಕಲ್ಲಿನ ಮೇಲೆ ಗೆಳೆಯರ ಗೇರುಗಳ ಹಿಂದೆ ಏದುತ್ತ ಹೋಗುತ್ತಾನೆ. ಏರಿನಲ್ಲಿ ಕೆಲವೊಮ್ಮೆ ಇಳಿದು ನೂಕುತ್ತಾನೆ. ಇದುವರೆಗೆ ಒಂದು ಭಾನುವಾರವೂ ತಪ್ಪಿಲ್ಲ.