ಹನ್ನೆರಡನೆಯ ಸೂಜಿ

ನಮ್ಮ ಮನೆಯಿಂದ ಯಾವ ವಸ್ತುವೂ ಹಳೆಯದಾಯಿತೆಂಬ ಕಾರಣಕ್ಕೆ ಹೊರಗೆ ಹೋದದ್ದಿಲ್ಲ. ಕಾಲು ಮುರಿದ ಕುರ್ಚಿ ತುಳಸಿಕುಂಡಕ್ಕೆ ಪೀಠವಾಗುತ್ತದೆ. ಓಡದ ಗಡಿಯಾರ ಗೋಡೆಯ ಮೊಳೆಗೆ ಕೆಲಸ ಕೊಡುತ್ತದೆ. ಹೀಗಿರುವಾಗ ಬೆಂಗಳೂರಿನ ಮೊಮ್ಮಗ ತನ್ನ ಹದಿನೈದು ವರ್ಷದ ಲ್ಯಾಪ್‌ಟಾಪನ್ನು ಚಳ್ಳಕೆರೆಗೆ ತಂದು, "ತಾತ, ಇದನ್ನು ಗುಜರಿಗೆ ಹಾಕಬೇಕೆಂದಿದ್ದೇನೆ" ಎಂದಾಗ ನಾನು ಎರಡೂ ಕೈ ಚಾಚಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅದರೊಳಗಿದ್ದ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಪೋಷಣೆ ನಿಂತಿತ್ತು. ಹುಡುಗ ಅದನ್ನು ಅಳಿಸಿ ಡೆಬಿಯನ್ ಎಂಬ ಲಿನಕ್ಸನ್ನು ತುಂಬಿಕೊಟ್ಟ. ಕಾಸು ಕೊಡಬೇಕಾಗಿಲ್ಲ, ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಓದಿದರೆ ನನಗೆ ಒಂದಕ್ಷರವೂ ತಿಳಿಯುವುದಿಲ್ಲ, ಆ ಮಾತು ಬೇರೆ. ಆದರೂ ಬೀಗವಿಲ್ಲದ ಮನೆಯಲ್ಲಿ ಇರುವುದಕ್ಕೂ, ಬೀಗದ ಕೈ ಬೇರೆಯವರ ಸೊಂಟದಲ್ಲಿರುವ ಮನೆಯಲ್ಲಿ ಇರುವುದಕ್ಕೂ ವ್ಯತ್ಯಾಸವಿದೆ.

ಈ ಯಂತ್ರ ಮೊಳಕಾಲ್ಮುರಿಗೆ ಹೋಗಬೇಕಾಗಿ ಬಂದದ್ದು ಭಾವನ ಕಣ್ಣಿನ ದೆಸೆಯಿಂದ. ಭಾವ ಎಂದರೆ ಅಕ್ಕನ ಗಂಡ. ಸೋದರಮಾವನ ಮಗನೂ ಹೌದು. ನಮ್ಮ ತಂದೆ ಮಗ್ಗ ಬಿಟ್ಟು, ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವುದಕ್ಕೆ ಬಂದವರು. ಮಾವ ಬಿಡಲಿಲ್ಲ. ನೇಯುವುದರ ಜೊತೆಗೆ ಸೀರೆಯ ಅಂಚಿಗೆ ನಕ್ಷೆಯನ್ನೂ ಬರೆಯುತ್ತಿದ್ದರು. ಗ್ರಾಫ್ ಕಾಗದದ ಒಂದೊಂದು ಮನೆಗೂ ಬಣ್ಣ ತುಂಬಿ ನವಿಲು ಕೂರಿಸುತ್ತಿದ್ದ ಆ ಕೈಯನ್ನು ನಾನು ಹುಡುಗನಾಗಿದ್ದಾಗ ಗಂಟೆಗಟ್ಟಲೆ ನೋಡಿದ್ದೇನೆ. ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು; ಆದರೆ ಮಾವನ ನಕ್ಷೆಗಳಿಗೆ ದೊರೆತದ್ದು ಗೆದ್ದಲು. ನವಿಲಿನ ಅಂಚಿಗೆ ಬೇಕಾದ ರಂಧ್ರದ ರಟ್ಟುಗಳೆಲ್ಲ ಮಣ್ಣಾಗಿದ್ದವು. ಉಳಿದದ್ದು ಒಂದೇ ಗ್ರಾಫ್ ಹಾಳೆ, ಅದೂ ಮಡಿಕೆಯಲ್ಲಿ ಹರಿದದ್ದು. ಆ ಹಾಳೆಯನ್ನು ನಾನು ನಾಲ್ಕು ತಿಂಗಳು ಕುಳಿತು, ಗಿಂಪ್ ಎಂಬ ಚಿತ್ರದ ತಂತ್ರಾಂಶದಲ್ಲಿ ಮನೆಗೆ ಮನೆಯಾಗಿ ಎತ್ತಿಕೊಂಡೆ. ಎತ್ತಿದ್ದು ಸರಿಯೋ ತಪ್ಪೋ ಹೇಳಬಲ್ಲವನು ಭಾವ ಒಬ್ಬನೇ. ಅವನ ಬಲಗಣ್ಣಿನ ದೃಷ್ಟಿ ಇನ್ನು ಮರಳುವುದಿಲ್ಲವೆಂದು ವೈದ್ಯರು ಹೇಳಿಬಿಟ್ಟಿದ್ದರು. ಎಡಗಣ್ಣಿನ ವಿಷಯದಲ್ಲಿ ಏನನ್ನೂ ಹೇಳಿರಲಿಲ್ಲ.

ಭಾವನ ಮಗ್ಗದ ಜಕಾರ್ಡಿಗೆ 240 ಕೊಕ್ಕೆ. ಆದ್ದರಿಂದ ನವಿಲಿನ ಅಗಲವೂ 240 ಮನೆ. ಒಂದು ಮನೆ ತೆರೆಯ ಮೇಲೆ ಎಂಟು ಚುಕ್ಕೆಯಷ್ಟಾದರೂ ಅಗಲವಾಗಿದ್ದರೆ ಮಾತ್ರ ಅವನ ಕಣ್ಣಿಗೆ ಹಿಡಿಯುತ್ತದೆ. ಲ್ಯಾಪ್‌ಟಾಪಿನ ಹನ್ನೆರಡು ಇಂಚಿನ ತೆರೆಗೆ ಇರುವುದೇ 1280 ಚುಕ್ಕೆ. ಹಾಗಾಗಿ 160 ಮನೆ ಕಾಣುತ್ತದೆ, ನವಿಲಿನ ಬಾಲ ಹೊರಗೇ ಉಳಿಯುತ್ತದೆ. ಭಾವನ ಮಗ ಎಲ್ಲಿಂದಲೋ ತಂದಿಟ್ಟಿದ್ದ ಇಪ್ಪತ್ತೆರಡು ಇಂಚಿನ ಮಾನಿಟರಿಗೆ 1920 ಚುಕ್ಕೆ. ಎಂಟರಿಂದ ಭಾಗಿಸಿ ನೋಡಿ: ಸರಿಯಾಗಿ 240! ದೇವರೇ ಲೆಕ್ಕ ಹಾಕಿ ಕಳಿಸಿದಂತಿತ್ತು. ಇನ್ನು ಎರಡನ್ನೂ ಒಂದು ತಂತಿಯಿಂದ ಸೇರಿಸುವುದಷ್ಟೇ ಬಾಕಿ ಎಂದುಕೊಂಡೆ.

ಅಂಗಡಿಯವನು, "ಹಿಂದೆ ಎಚ್‌ಡಿಎಂಐ ಇದೆಯೇ? ಹಾಗಾದರೆ ಇದು ತೊಗೊಳ್ಳಿ" ಎಂದು ಒಂದು ವಿಜಿಎ ತಂತಿಯನ್ನೂ ಬೆರಳುದ್ದದ ಒಂದು ಪರಿವರ್ತಕವನ್ನೂ ಕೊಟ್ಟ. ಹಾನಗಲ್ಲಿನಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಬಲಕ್ಕೆ ಹೊರಳುವಾಗಲೂ ಚೀಲ ನನ್ನ ತೊಡೆಯ ಮೇಲೇ ಇತ್ತು. ಭಾವನ ಮನೆಯಲ್ಲಿ ಎಲ್ಲವನ್ನೂ ಸಿಕ್ಕಿಸಿದೆವು. ಎಲ್ಲವೂ ಅಚ್ಚುಕಟ್ಟಾಗಿ ಕೂತವು. ತೆರೆ ಮಾತ್ರ ಅಮಾವಾಸ್ಯೆ.

ಮೊಮ್ಮಗನಿಗೆ ಫೋನು ಮಾಡಿದೆ. "ತಾತ, ಅದು ಒಂದೇ ದಿಕ್ಕಿನದು. ಎಚ್‌ಡಿಎಂಐನಿಂದ ಬಂದ ಅಂಕೆಗಳನ್ನು ವಿಜಿಎಯ ಅಲೆಗಳಾಗಿ ಮಾಡುತ್ತದೆ. ನಿನಗೆ ಬೇಕಾದದ್ದು ತಿರುಗುಮುರುಗು" ಎಂದ. ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಬಿ. ಎಲ್. ರೈಸರು ಪತ್ತೆಮಾಡಿದ ಅಶೋಕನ ಶಾಸನವಿದೆಯಲ್ಲ, ಅದನ್ನು ಬರೆದ ಚಪಡನೆಂಬ ಲಿಪಿಕಾರ ಇಡೀ ಶಾಸನವನ್ನು ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ 'ಲಿಪಿಕಾರ' ಎಂಬ ತನ್ನ ಬಿರುದನ್ನು ಮಾತ್ರ ಬಲದಿಂದ ಎಡಕ್ಕೆ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಈ ಬಂಡೆಗಳ ನಡುವೆ ಎರಡು ದಿಕ್ಕೂ ಬಲ್ಲವನೊಬ್ಬನಿದ್ದ. ನನ್ನ ಪರಿವರ್ತಕಕ್ಕೆ ಆ ವಿದ್ಯೆ ಬಾರದು.

ಮಾರನೆಯ ದಿನ ಅಕ್ಕ ಕಸ ಗುಡಿಸಲೆಂದು ಮಾನಿಟರನ್ನು ಬೋರಲು ಮಾಡಿದಳು. "ಇಲ್ಲಿ ನೀಲಿದೊಂದು ತೂತಿದೆ, ನಿಮ್ಮ ತಂತಿಯ ಮೂತಿಯೂ ನೀಲಿ" ಎಂದಳು. ಕೆಳಮುಖವಾಗಿ, ಪ್ಲಾಸ್ಟಿಕ್ ಮುಚ್ಚಳದೊಳಗೆ ವಿಜಿಎ ಸಾಕ್ಷಾತ್ತಾಗಿ ಕೂತಿತ್ತು! ಬೇಕಾದ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಾವು ಒಂದು ರಾತ್ರಿ ಚಿಂತೆಯಲ್ಲಿ ಮಲಗಿದ್ದೆವು. ಸಿಕ್ಕಿಸಿದ ಕೂಡಲೇ ಬೆಳಕು ಬಂತು, ಚಿತ್ರವೂ ಬಂತು. ಆದರೆ ನವಿಲು ಬಾತುಕೋಳಿಯಾಗಿತ್ತು. "ಇದು ನಮ್ಮಪ್ಪನ ನವಿಲಲ್ಲ" ಎಂದು ಭಾವ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಮುಖ ತಿರುಗಿಸಿದ. ಯಂತ್ರ 1024ಕ್ಕೆ 768ರ ಚಿತ್ರ ಕಳಿಸುತ್ತಿತ್ತು. ಅಗಲವಾದ ತೆರೆ ಅದನ್ನು ಮೂರರಲ್ಲೊಂದು ಪಾಲು ಅಡ್ಡಕ್ಕೆ ಎಳೆದಿತ್ತು.

ತಂತಿಯನ್ನು ಬಿಚ್ಚಿ ಭೂತಗನ್ನಡಿಯಲ್ಲಿ ಸೂಜಿ ಎಣಿಸಿದೆ. ಹದಿನೈದಿರಬೇಕು, ಹದಿನಾಲ್ಕೇ ಇದ್ದವು. ಕಳ್ಳ ಸಿಕ್ಕಿದನೆಂದು ಕೂಗಿದೆ. ಒಂಬತ್ತನೆಯದು ಎಷ್ಟೋ ತಂತಿಗಳಲ್ಲಿ ಇರುವುದೇ ಇಲ್ಲವೆಂದು ಮೊಮ್ಮಗ ಸಮಾಧಾನ ಹೇಳಿದ. ನಿಜವಾದ ಕಳ್ಳ ಹನ್ನೆರಡನೆಯ ಸೂಜಿ. ಅವಸರದಲ್ಲಿ ಯಾರೋ ತುರುಕಿದ್ದಕ್ಕೆ ಬಾಗಿ ಮಲಗಿತ್ತು. ಯಾರೋ ಎಂದೆನಲ್ಲ, ಆ ಯಾರೋ ನಾನೇ. ಅಕ್ಕನ ಹುಬ್ಬಿನ ಚಿಮಟದಿಂದ ಮೆಲ್ಲಗೆ ಎತ್ತಿದೆ. ಅದು ಮೆಲ್ಲಗೆ ಮುರಿಯಿತು.

1987ರಲ್ಲಿ ಐಬಿಎಂ ತಂದ ಈ ವಿಜಿಎಯಲ್ಲಿ ಮೊದಲ ಮೂರು ಸೂಜಿಗಳು ಕೆಂಪು, ಹಸಿರು, ನೀಲಿಯನ್ನು ಹೊರುತ್ತವೆ. 13, 14ನೆಯವು ಸಾಲು ಮತ್ತು ಪುಟದ ತಾಳ ಹಾಕುತ್ತವೆ. ಹನ್ನೆರಡನೆಯದರ ಕೆಲಸ ಪರಿಚಯ. ತಂತಿ ಕೂಡಿದೊಡನೆ ಮಾನಿಟರು ತನ್ನ ಹೆಸರು, ಕುಲ, ಗೋತ್ರ, ಉದ್ದಗಲವನ್ನೆಲ್ಲ 128 ಬೈಟುಗಳಲ್ಲಿ ಒಪ್ಪಿಸಬೇಕೆಂದು 1994ರಿಂದ ಒಂದು ಕಟ್ಟುಪಾಡಿದೆ. ಆ ಮಾತು ಬರುವುದು ಹನ್ನೆರಡನೆಯ ಸೂಜಿಯ ಮೇಲೆ. ಅದು ಹೋದರೆ ಚಿತ್ರ ಹೋಗುವುದಿಲ್ಲ. ಎದುರಿಗಿರುವವರು ಯಾರೆಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ, ಅಷ್ಟೆ. ಗುರುತಿಲ್ಲದ ಅತಿಥಿಗೆ ಉಪ್ಪಿಟ್ಟು ಕೊಟ್ಟರೆ ಕ್ಷೇಮ ಎಂಬಂತೆ ಅದು 1024 ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

"ಅದು ಹೇಳದಿದ್ದರೆ ನಾವೇ ಹೇಳೋಣ" ಎಂದ ಮೊಮ್ಮಗ. ಕಪ್ಪು ಕಿಟಕಿಯೊಂದನ್ನು ತೆರೆಸಿ, ಸಿವಿಟಿ ಎಂಬ ಆಜ್ಞೆಯ ಮುಂದೆ 1920, 1080 ಎಂದು ಬರೆಯಿಸಿದ. ಅಂಕೆಗಳ ಒಂದು ಸಾಲು ಉದುರಿತು. ಅದನ್ನೇ ಎತ್ತಿ ಎಕ್ಸ್‌ರ್ಯಾಂಡರ್ ಎಂಬ ಇನ್ನೊಂದು ಆಜ್ಞೆಗೆ ಮೂರು ಸಲ ಉಣಿಸಬೇಕು: ಹೊಸ ಅಳತೆಯೊಂದುಂಟೆಂದು ಒಮ್ಮೆ, ಅದು ಈ ವಿಜಿಎಗೆ ಸೇರಿದ್ದೆಂದು ಒಮ್ಮೆ, ಈಗ ಅದರಂತೆ ನಡೆ ಎಂದು ಒಮ್ಮೆ. ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯಾಗಿದ್ದರೆ ಈ ದಾರಿ ನಡೆಯುತ್ತಿರಲಿಲ್ಲವಂತೆ. ಹುಡುಗ ಹಳೆಯ ಎಕ್ಸ್ ಹಾಕಿದ್ದು ಪುಣ್ಯ.

ಭಾವ ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದರೂ ಕಿವಿ ಇತ್ತಲೇ ಇತ್ತು. "ಏನಂತೆ ಆ ಅಂಕೆ?" ಎಂದ. ಓದಿದೆ. ಒಂದು ಸಾಲಿಗೆ ಕಾಣುವುದು 1920 ಚುಕ್ಕೆ, ಲೆಕ್ಕಕ್ಕೆ ಹಿಡಿಯುವುದು 2576. ಕಾಣುವ ಸಾಲು 1080, ಲೆಕ್ಕಕ್ಕೆ 1120. ಸೆಕೆಂಡಿಗೆ ಸುಮಾರು ಅರವತ್ತು ಪುಟ. ಒಟ್ಟು ಹದಿನೇಳು ಕೋಟಿ ಮೂವತ್ತು ಲಕ್ಷ ಚುಕ್ಕೆ.

"ಸಾಲಿಗೆ ಆರುನೂರ ಐವತ್ತಾರು ಎಲ್ಲಿ ಹೋದವು?" ನೇಕಾರನಿಗೆ ಎಳೆಯ ಲೆಕ್ಕ ತಪ್ಪಿದರೆ ನಿದ್ದೆ ಬರುವುದಿಲ್ಲ. ಹಿಂದಿನ ಗಾಜಿನ ಬುರುಡೆಯ ಪರದೆಗಳಲ್ಲಿ ಕಿರಣವೊಂದು ಸಾಲು ಬರೆದು ಮುಗಿಸಿ, ಮುಂದಿನ ಸಾಲಿನ ಆರಂಭಕ್ಕೆ ಹಿಂದಿರುಗಬೇಕಾಗಿತ್ತು. ಆ ಹೊತ್ತನ್ನು ಖಾಲಿ ಚುಕ್ಕೆಗಳಾಗಿ ಎಣಿಸುತ್ತಿದ್ದರು. ಬುರುಡೆ ಹೋದರೂ ಲೆಕ್ಕ ಉಳಿದಿದೆ ಎಂದು ಮೊಮ್ಮಗ ಹೇಳಿದ್ದನ್ನು ನಾನು ಒಪ್ಪಿಸಿದೆ.

"ಅಂದರೆ ನಿಮ್ಮ ಲಾಳಿ ಬರಿಗೈಯಲ್ಲಿ ವಾಪಸು ಬರುತ್ತದೆ ಅನ್ನು. ನಮ್ಮದು ಹೋಗುತ್ತಲೂ ನೇಯುತ್ತದೆ, ಬರುತ್ತಲೂ ನೇಯುತ್ತದೆ" ಎಂದು ಭಾವ ಮೊದಲ ಬಾರಿಗೆ ನಕ್ಕ. ನಗಲು ಅವನಿಗೆ ಹಕ್ಕೂ ಇತ್ತು. 1804ರ ಹೊತ್ತಿಗೆ ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡ್ ಎಂಬಾತ, ರಟ್ಟಿನಲ್ಲಿ ತೂತಿದ್ದರೆ ಕೊಕ್ಕೆ ಎಳೆ ಎತ್ತಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು ಎಂದು ಮಗ್ಗಕ್ಕೆ ಕಲಿಸಿದ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಗಣಕದ ಯೋಜನೆಗೆ ಆ ರಟ್ಟನ್ನೇ ಎರವಲು ತಂದದ್ದು ಮೂರು ದಶಕಗಳ ಅನಂತರ. ಆ ಲೆಕ್ಕದಲ್ಲಿ ಭಾವನ ಮಗ್ಗ ನನ್ನ ಲ್ಯಾಪ್‌ಟಾಪಿಗೆ ಮುತ್ತಜ್ಜ.

ಮೂರನೆಯ ಆಜ್ಞೆ ಕೊಟ್ಟೆ. ತೆರೆ ಒಮ್ಮೆ ಕಪ್ಪಾಯಿತು. ನನ್ನ ಜೀವ ಹೋಗಿ ಬಂತು. ಮತ್ತೆ ಬೆಳಗಿದಾಗ ಕೊಕ್ಕಿನಿಂದ ಬಾಲದವರೆಗೆ, 240 ಮನೆಯೂ ತುಂಬಿ ನವಿಲು ನಿಂತಿತ್ತು. ಭಾವ ಮಾತಾಡಲಿಲ್ಲ. ಎಡಗಣ್ಣನ್ನು ತೆರೆಗೆ ಗೇಣು ದೂರ ತಂದು, ಬೆರಳಿನಿಂದ ಕತ್ತಿನ ಗೆರೆಯನ್ನು ಮೇಲಿನಿಂದ ಕೆಳಗೆ ಒಂದು ಸಲ ಸವರಿದ. ತೆರೆಯ ಮೇಲೆ ಬೆರಳ ಗುರುತು ಬಿದ್ದಿತು, ನಾನು ಒರೆಸಲಿಲ್ಲ.

ಬೆಳಿಗ್ಗೆ ಯಂತ್ರ ಹಚ್ಚಿದರೆ ಮತ್ತೆ ಬಾತುಕೋಳಿ! ರಾತ್ರಿ ಹೇಳಿದ್ದೆಲ್ಲ ಅದಕ್ಕೆ ಮರೆತುಹೋಗಿತ್ತು. ಮೂರು ಆಜ್ಞೆಗಳನ್ನೂ ಪ್ರತಿ ಬಾರಿ ತಾನಾಗಿ ಓದಿಕೊಳ್ಳುವಂತೆ ಒಂದು ಕಡತದಲ್ಲಿ ಬರೆಯಿಸಿ ಮೊಮ್ಮಗ ಆ ಕಾಟವನ್ನು ನಿವಾರಿಸಿದ. ಹೊಸ ತಂತಿ ಕೊಂಡರೆ ಇದಾವುದೂ ಬೇಡ ಎಂದೂ ಸೇರಿಸಿದ. ಅದನ್ನು ನಿನ್ನೆಯೇ ಏಕೆ ಹೇಳಲಿಲ್ಲವೋ!

ಆಮೇಲೆ ಭಾವ ತನಿಖೆಗೆ ಕೂತ. ಮಧ್ಯಾಹ್ನದ ಹೊತ್ತಿಗೆ ನನ್ನ ಹನ್ನೊಂದು ತಪ್ಪು ಹಿಡಿದ, ಹನ್ನೊಂದನ್ನೂ ತಿದ್ದಿದೆ. ಹನ್ನೆರಡನೆಯದು ಎಂಬತ್ತೇಳನೆಯ ಸಾಲಿನಲ್ಲಿ, ರೆಕ್ಕೆಯ ನಟ್ಟನಡುವೆ ಒಂದು ಖಾಲಿ ಮನೆ. "ಇದು ನನ್ನದಲ್ಲ, ಮಾವನ ಹಾಳೆಯಲ್ಲೇ ಹಾಗಿದೆ" ಎಂದೆ. ಅಪ್ಪ ಮನೆ ಬಿಡುವವನಲ್ಲ ಎಂದು ಅವನು; ಬೇಕೆಂದೇ ಬಿಟ್ಟಿರಬಹುದೆಂದು ನಾನು. ಮಾತು ಏರಿತು. ಅಕ್ಕ ಒಳಗೆ ಹೋಗಿ ತನ್ನ ಮದುವೆಯ ಸೀರೆ ತಂದು ಕಿಟಕಿಯ ಬೆಳಕಿಗೆ ಹಿಡಿದಳು. ಅದೇ ನವಿಲು. ಎಂಬತ್ತೇಳು ಸಾಲು ಎಣಿಸಿಕೊಂಡು ಬಂದರೆ, ಸರಿಯಾಗಿ ಅಲ್ಲೇ ಜರಿ ಸವೆದು ಏನೂ ಕಾಣದು.

"ಒಂದೇ ನವಿಲಿಗೆ ಏಕೆ ಜೋತುಬಿದ್ದಿದ್ದೀರಿ? ಅಂಚಿನುದ್ದಕ್ಕೂ ಇವೆಯಲ್ಲ" ಎಂದು ಅಕ್ಕ ಪಕ್ಕದ್ದನ್ನು ಬಿಡಿಸಿದಳು. ಮೂವರೂ ಮೊದಲಿಂದ ಎಣಿಸಿದೆವು. ಅಲ್ಲಿಯೂ ಆ ಮನೆ ಖಾಲಿಯೇ ಇತ್ತು. ಚಳ್ಳಕೆರೆಯ ಕೊನೆಯ ಬಸ್ಸೂ ಹೋಗಿತ್ತು.