ಸೂತ್ರವೊಂದು, ಗಣವೊಂದು

ಪಾಣಿನೀಯ ವ್ಯಾಕರಣವನ್ನು ಅಭ್ಯಸಿಸಿದವರಿಗೆ ಗಣಪಾಠದ ಉಪಯೋಗವು ವಿದಿತವೇ ಆಗಿದೆ. ಸರ್ವ, ವಿಶ್ವ ಮೊದಲಾದ ಶಬ್ದಗಳಿಗೆ ಸರ್ವನಾಮವೆಂಬ ಸಂಜ್ಞೆಯನ್ನು ವಿಧಿಸುವಾಗ ಸೂತ್ರಕಾರನು ಒಂದೊಂದು ಶಬ್ದಕ್ಕೂ ಒಂದೊಂದು ಸೂತ್ರವನ್ನು ರಚಿಸಲಿಲ್ಲ. ಮೊದಲ ಶಬ್ದವನ್ನು ಹೇಳಿ ‘ಆದಿ’ ಎಂದು ಸೇರಿಸಿದನು. ಉಳಿದವು ಗಣಪಾಠದಲ್ಲಿ ಪಟ್ಟಿಯಾಗಿ ನಿಂತವು. ಇದೇ ಲಾಘವವು ಇಂದಿನ ಗಣಕಯಂತ್ರಗಳ ನಿರ್ವಹಣೆಯಲ್ಲಿಯೂ ಕಾಣಿಸಿಕೊಂಡಿರುವುದು ಭಾಷಾಭ್ಯಾಸಿಗಳಿಗೆ ಕುತೂಹಲಕರವಾದ ಸಂಗತಿ.

ಅನೇಕರಿಗೆ ಏಕಕಾಲದಲ್ಲಿ ಸೇವೆಯನ್ನೊದಗಿಸುವ ಗಣಕಯಂತ್ರವೇ ಸರ್ವರ್. ಅಂತಹ 50 ಯಂತ್ರಗಳಲ್ಲಿ 10 ಮಂದಿ ಉದ್ಯೋಗಿಗಳಿಗೆ ಖಾತೆಗಳನ್ನು ತೆರೆಯಬೇಕಾದರೆ, ಕೈಯಿಂದ ಮಾಡುವವನು ಅದೇ ಕೆಲಸವನ್ನು 500 ಬಾರಿ ಮಾಡಬೇಕು. 300ನೆಯ ಬಾರಿಗೂ ಕಣ್ತಪ್ಪಾಗದಿರುವುದು ಮನುಷ್ಯಮಾತ್ರರಿಗೆ ದುಸ್ಸಾಧ್ಯ. ಈ ಶ್ರಮವನ್ನು ನೀಗಲು ಹುಟ್ಟಿದ ತಂತ್ರಾಂಶಗಳಲ್ಲಿ 2012ರಲ್ಲಿ ಮೈಕೆಲ್ ಡಿಹಾನ್ ಅವರು ಹೊರತಂದ ಆನ್ಸಿಬಲ್ ಒಂದು. (ಅರ್ಸುಲಾ ಲೆ ಗ್ವಿನ್ ಅವರ 1966ರ ಕಾದಂಬರಿಯೊಂದರಲ್ಲಿ ದೂರದ ಲೋಕಗಳೊಡನೆ ತತ್‌ಕ್ಷಣ ಸಂಭಾಷಿಸುವ ಕಲ್ಪಿತ ಯಂತ್ರಕ್ಕೆ ಈ ಹೆಸರು ಮೊದಲು ಬಂದಿತು. ಯಂತ್ರಜ್ಞರು ಸಾಹಿತ್ಯಕ್ಕೆ ಋಣಿಗಳಾಗುವುದೂ ಉಂಟು!)

ಇದರಲ್ಲಿ ವಿಧಿಯನ್ನು ಒಮ್ಮೆ ಮಾತ್ರ ಬರೆಯಲಾಗುತ್ತದೆ: ‘ಇಂತಹ ಖಾತೆಯು ಇರತಕ್ಕದ್ದು.’ ಹೆಸರಿರಬೇಕಾದ ಸ್ಥಾನದಲ್ಲಿ ‘ಐಟಂ’ ಎಂಬ ಪದವಿರುತ್ತದೆ. ಅದನ್ನೊಂದು ಸರ್ವನಾಮವೆಂದೇ ತಿಳಿಯಬಹುದು. ಕೆಳಗೆ ‘ಲೂಪ್’ ಎಂದು ಬರೆದು ಹೆಸರುಗಳ ಪಟ್ಟಿಯನ್ನಿತ್ತರೆ, ಆ ವಿಧಿಯು ಒಂದೊಂದು ಹೆಸರಿಗೂ ಅನ್ವಯಿಸುತ್ತ ಸಾಗುತ್ತದೆ. ಈ ‘ಲೂಪ್’ ಪದವು 2018ರ 2.5ನೆಯ ಆವೃತ್ತಿಯಲ್ಲಿ ಬಂದುದು. ಖಾತೆಯು ಮೊದಲೇ ಇದ್ದು ಹೇಳಿದಂತೆಯೇ ಇದ್ದರೆ ಯಂತ್ರವು ಅದನ್ನು ಮುಟ್ಟುವುದಿಲ್ಲ. ಆದುದರಿಂದ ಇಡೀ ವಿಧಿಯನ್ನು ಮತ್ತೆ ಮತ್ತೆ ನಡೆಸಿದರೂ ಬಾಧಕವಿಲ್ಲ.

ಆವೃತ್ತಿಯು ಎಲ್ಲೆಡೆಯೂ ಶ್ಲಾಘ್ಯವೆಂದಲ್ಲ. ತಂತ್ರಾಂಶದ ಪೊಟ್ಟಣಗಳನ್ನು ಸ್ಥಾಪಿಸುವ ವಿಧಿಗಳು ಸಾಮಾನ್ಯವಾಗಿ ಇಡೀ ಪಟ್ಟಿಯನ್ನು ಒಮ್ಮೆಗೇ ಸ್ವೀಕರಿಸಬಲ್ಲವು. ಅಲ್ಲಿ ಲೂಪ್ ಹಾಕುವುದು ಸಂತೆಗೆ ಒಂದೊಂದು ತರಕಾರಿಗೂ ಒಂದೊಂದು ಸಲ ಹೋಗಿಬಂದಂತೆ.

ಆದರೆ ಗಣಪಾಠದ ಹೋಲಿಕೆಯು ಒಂದೆಡೆ ಮುರಿದುಬೀಳುತ್ತದೆ. ನಿರ್ವಾಹಕನು ಎಚ್ಚರದಿಂದಿರಬೇಕಾದದ್ದು ಅಲ್ಲಿಯೇ. ವ್ಯಾಕರಣದಲ್ಲಿ ಶಬ್ದವನ್ನು ಗಣದಿಂದ ತೆಗೆದರೆ ಅದರ ಸಂಜ್ಞೆಯೂ ತಪ್ಪುತ್ತದೆ. ಇಲ್ಲಿ ಹಾಗಲ್ಲ. ಕೆಲಸ ಬಿಟ್ಟುಹೋದ ಉದ್ಯೋಗಿಯ ಹೆಸರನ್ನು ಪಟ್ಟಿಯಿಂದ ಅಳಿಸಿದ ಮಾತ್ರಕ್ಕೆ ಆತನ ಖಾತೆಯು ಅಳಿಯದು. ಲೂಪ್ ಪಟ್ಟಿಯಲ್ಲಿದ್ದವರನ್ನಷ್ಟೇ ಕಾಣುತ್ತದೆ, ಇಲ್ಲದವರ ವಿಷಯದಲ್ಲಿ ಮೌನವಾಗಿರುತ್ತದೆ. ಪಟ್ಟಿಯನ್ನು ನೋಡಿದವರಿಗೆ ಆತನು ಹೋಗಿದ್ದಾನೆ. 50 ಯಂತ್ರಗಳ ಬಾಗಿಲು ಮಾತ್ರ ಆತನಿಗೆ ಹಿಂದಿನಂತೆಯೇ ತೆರೆದಿದೆ. ಬಲ್ಲವರು ಹೋದವರಿಗಾಗಿ ಎರಡನೆಯ ಪಟ್ಟಿಯನ್ನಿಟ್ಟು, ಅದಕ್ಕೆ ‘ಇರಕೂಡದು’ ಎಂಬ ನಿಷೇಧವಿಧಿಯನ್ನು ಹೊಂದಿಸುತ್ತಾರೆ. ಆಗಲೂ ಖಾತೆಯು ಹೋಗುವುದೇ ಹೊರತು, ಬೇರೆಯಾಗಿ ಹೇಳದಿದ್ದರೆ ಆತನ ಕಡತಗಳು ಯಂತ್ರದಲ್ಲಿಯೇ ಉಳಿದುಕೊಳ್ಳುತ್ತವೆ.