ಕುಂಬಾರರ ಊರಿನಲ್ಲಿ ಕಾಂತದ ಆವಿಗೆ

ನಗೋಯಾ ಮಹಾನಗರದಿಂದ ಈಶಾನ್ಯದ ಗುಡ್ಡಗಳತ್ತ ಹೊರಟ ರೈಲು ಒಂದು ಗಂಟೆಯೊಳಗಾಗಿ ಟೋಕಿ ಎಂಬ ಊರನ್ನು ಮುಟ್ಟುತ್ತದೆ. ಜಪಾನಿನ ಗಿಫು ಪ್ರಾಂತಕ್ಕೆ ಸೇರಿದ ಈ ಊರು ಕುಂಬಾರರದು. ಜಪಾನೀಯರ ಊಟದ ಪಿಂಗಾಣಿಯಲ್ಲಿ ಸುಮಾರು ಅರ್ಧಪಾಲು ಟೋಕಿ ಮತ್ತು ಅದರ ನೆರೆಯೂರುಗಳಿಂದ ಬರುತ್ತದೆ. ಮೊತೊಯಾಶಿಕಿ ಎಂಬಲ್ಲಿ 17ನೆಯ ಶತಮಾನದ ಆದಿಭಾಗದ ಆವಿಗೆಯೊಂದರ ಅವಶೇಷವನ್ನು ಇಂದಿಗೂ ಕಾಪಾಡಿದ್ದಾರೆ. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೋಣೆಗಳು. ಕೆಳಗೆ ಹಚ್ಚಿದ ಬೆಂಕಿ ಒಂದೊಂದು ಕೋಣೆಯನ್ನೂ ಕಾಯಿಸುತ್ತ ಮೇಲೇರುತ್ತಿತ್ತು. ಹಸುರು ಮೆರುಗಿನ ‘ಒರಿಬೆ’ ಪಾತ್ರೆಗಳು ಬೆಂದದ್ದು ಇಲ್ಲಿಯೇ.

ಈ ಸೀಮೆಯಲ್ಲಿ ಒಂದು ಚೂರಿನ ಕಥೆ ಪ್ರಸಿದ್ಧವಾಗಿದೆ. ಬಿಳಿಯ ದಪ್ಪ ಮೆರುಗಿನ ‘ಶಿನೊ’ ಬಟ್ಟಲುಗಳು ನೆರೆಯ ಸೆಟೊ ಊರಿನವೆಂದು ಬಹುಕಾಲ ನಂಬಿಕೆಯಿತ್ತು. 1930ರಲ್ಲಿ ಅರಕಾವಾ ಟೊಯೊಜೊ ಎಂಬ ಕುಂಬಾರ ಕಲಾವಿದನಿಗೆ ಸಮೀಪದ ಕನಿ ಎಂಬಲ್ಲಿನ ಹಾಳುಬಿದ್ದ ಆವಿಗೆಯ ಬಳಿ ಶಿನೊ ಬಟ್ಟಲಿನ ಚೂರೊಂದು ಸಿಕ್ಕಿತು. ಬೆಂಕಿ ಆರಿ ಮುನ್ನೂರು ವರ್ಷಗಳ ಮೇಲೆ, ಆ ಬೆಂಕಿ ಎಲ್ಲಿ ಉರಿಯಿತೆಂಬುದನ್ನು ಒಂದು ಚೂರು ಹೇಳಿಬಿಟ್ಟಿತು.

ಟೋಕಿಯ ಗುಡ್ಡದ ಮೇಲೆ ಇನ್ನೊಂದು ಬಗೆಯ ಆವಿಗೆಯೂ ಉಂಟು. ಅಲ್ಲಿನ ರಾಷ್ಟ್ರೀಯ ಸಮ್ಮಿಲನ ವಿಜ್ಞಾನ ಸಂಸ್ಥೆಯಲ್ಲಿ ‘ಲಾರ್ಜ್ ಹೆಲಿಕಲ್ ಡಿವೈಸ್’ ಎಂಬ ಯಂತ್ರ 1998ರಲ್ಲಿ ಕೆಲಸ ಆರಂಭಿಸಿತು. ತೂಕ ಸುಮಾರು 1,500 ಟನ್, ಅಡ್ಡಳತೆ 13.5 ಮೀಟರ್. ಹಗ್ಗದಂತೆ ಹೊಸೆದುಕೊಂಡ ಎರಡು ಅತಿವಾಹಕ ಸುರುಳಿಗಳು ದ್ರವ ಹೀಲಿಯಮ್ಮಿನಿಂದ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣಿದಿರುತ್ತಿದ್ದವು. ಅವುಗಳ ನಡುವೆ, ಯಾವ ಗೋಡೆಗೂ ತಾಗದಂತೆ, ಕಾಂತಶಕ್ತಿಯ ಪಂಜರದಲ್ಲಿ ಉಂಗುರಾಕಾರದ ಪ್ಲಾಸ್ಮಾ ತೇಲಬೇಕಿತ್ತು. 2017ರಲ್ಲಿ ಅದರ ಅಯಾನುಗಳು 12 ಕೋಟಿ ಡಿಗ್ರಿ ಶಾಖವನ್ನು ಮುಟ್ಟಿದವು.

ಶಾಖವೊಂದೇ ಸಾಲದು. ಮುಂದೆ ವಿದ್ಯುತ್ತನ್ನು ಕೊಡಬೇಕಾದ ಸಮ್ಮಿಲನ ಸ್ಥಾವರದಲ್ಲಿ ಹುಟ್ಟುವ ಹೀಲಿಯಂ ಬೀಜಗಳು ಮಹಾವೇಗದವು. ಅವು ಪಂಜರದೊಳಗೇ ಸುತ್ತಿ ತಮ್ಮ ಶಾಖವನ್ನು ಪ್ಲಾಸ್ಮಾಕ್ಕೆ ಒಪ್ಪಿಸಿದರೆ ಬೆಂಕಿ ತಾನಾಗಿ ಉರಿಯುತ್ತದೆ; ತಪ್ಪಿಸಿಕೊಂಡರೆ ಬೆಂಕಿ ನಂದುವುದಲ್ಲದೆ ಗೋಡೆಗೂ ಕೇಡು. ಹೊಸೆದ ಸುರುಳಿಗಳ ಪಂಜರದಲ್ಲಿ ಏರುಪೇರುಗಳು ಹೆಚ್ಚು. ವೇಗದ ಅಯಾನುಗಳು ಅಲ್ಲಿ ನಿಲ್ಲುವುವೇ ಎಂಬುದು ಹಳೆಯ ಸಂದೇಹ.

ಒಳಗೆ ಕೈಯಿಟ್ಟು ನೋಡುವಂತಿಲ್ಲ. ಆದರೆ ಒಂದು ಸುಳಿವು ಹೊರಬರುತ್ತದೆ. ಜಲಜನಕದ ಬದಲು ಅದರ ಭಾರದ ಸೋದರನಾದ ಡ್ಯೂಟೀರಿಯಮ್ಮನ್ನು ತುಂಬಿ, ಅದೇ ಅನಿಲದ ವೇಗದ ಧಾರೆಯನ್ನು ಒಳಗೆ ಹೊಡೆದರೆ, ಕೆಲವು ಬೀಜಗಳು ಕೂಡಿಕೊಂಡು ನ್ಯೂಟ್ರಾನುಗಳು ಹುಟ್ಟುತ್ತವೆ. ವಿದ್ಯುದಂಶವಿಲ್ಲದ ನ್ಯೂಟ್ರಾನಿಗೆ ಕಾಂತದ ಹಂಗಿಲ್ಲ. ಸೆಕೆಂಡಿಗೆ ಸುಮಾರು 21,600 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಹೊರಬೀಳುತ್ತದೆ. ಇಲ್ಲಿ ಬಹುಪಾಲು ನ್ಯೂಟ್ರಾನುಗಳಿಗೆ ಧಾರೆಯ ವೇಗದ ಅಯಾನುಗಳೇ ಕಾರಣ. ಆದುದರಿಂದ ಹೊರಗೆ ನ್ಯೂಟ್ರಾನನ್ನು ಎಣಿಸಿದರೆ ಒಳಗೆ ಉಳಿದ ಅಯಾನುಗಳ ಲೆಕ್ಕ ದೊರೆಯುತ್ತದೆ. ಅರಕಾವಾನ ಚೂರಿನಂತೆ ಇದೂ ಬೆಂಕಿಯ ಸಾಕ್ಷಿ.

ನ್ಯೂಟ್ರಾನ್ ಎಂದರೆ ವಿಕಿರಣ. ಜೊತೆಗೆ ಅಲ್ಪಪ್ರಮಾಣದ ಟ್ರಿಟಿಯಂ ಕೂಡ. ಬೆಟ್ಟದ ಕೆಳಗೆ ಮನೆಮಾಡಿಕೊಂಡವರಲ್ಲಿ ಅಂಜಿಕೆ ಹುಟ್ಟಿದುದು ಸಹಜ. ವಿರೋಧವೂ ಎದ್ದಿತು. ಸಂಸ್ಥೆ ಊರಿನವರ ಸಭೆ ಕರೆದು ವಿವರಿಸುತ್ತ ಬಂದಿತು. ಕೊನೆಗೆ 2013ರಲ್ಲಿ ಗಿಫು ಪ್ರಾಂತ ಮತ್ತು ಟೋಕಿ, ತಜಿಮಿ, ಮಿಜುನಾಮಿ ನಗರಗಳೊಡನೆ ಒಪ್ಪಂದವಾಯಿತು. ಯಂತ್ರಶಾಲೆಯ ಗೋಡೆ ಎರಡು ಮೀಟರ್ ದಪ್ಪದ ಕಾಂಕ್ರೀಟು. ಟ್ರಿಟಿಯಮ್ಮನ್ನು ಹಿಡಿದಿಡುವ ಏರ್ಪಾಟು ಬೇರೆ.

ಎಣಿಸುವ ಉಪಕರಣ ಸರಿಯಾಗಿದೆಯೆಂದು ನಂಬುವುದೆಂತು? 2016ರ ನವೆಂಬರಿನಲ್ಲಿ ವಿಜ್ಞಾನಿಗಳು ಯಂತ್ರದ ಹೊಟ್ಟೆಯೊಳಗೆ ಆಟದ ರೈಲಿನಂತಹ ಹಳಿಯನ್ನು ಹಾಸಿದರು. ಪುಟ್ಟ ರೈಲೊಂದು, ನ್ಯೂಟ್ರಾನುಗಳನ್ನು ಗೊತ್ತಾದ ಲೆಕ್ಕದಲ್ಲಿ ಸೂಸುವ ಕ್ಯಾಲಿಫೋರ್ನಿಯಂ ಧಾತುವನ್ನು ಹೊತ್ತು, ಪ್ಲಾಸ್ಮಾ ಇರಬೇಕಾದ ದಾರಿಯಲ್ಲಿ ಸುತ್ತಿತು. ಹೊರಗಿನ ಎಣಿಕೆಯನ್ನು ಅದರೊಡನೆ ತಾಳೆನೋಡಿದರು. ಮಕ್ಕಳ ಆಟಿಕೆಯಂತಹ ವಸ್ತುವೇ ತಕ್ಕಡಿಯ ಬಟ್ಟಾಯಿತು!

2017ರ ಮಾರ್ಚಿನಲ್ಲಿ ಪ್ರಯೋಗ ತೊಡಗಿತು. ಯಂತ್ರದ ಕೆಳಗೆ, ಭಾರದ ಕಾಂಕ್ರೀಟಿನಲ್ಲಿ ಕೊರೆದ 11 ಕಿಂಡಿಗಳು. ಒಂದೊಂದರ ತಳದಲ್ಲಿಯೂ ನ್ಯೂಟ್ರಾನ್ ತಾಗಿದರೆ ಮಿನುಗುವ ಹರಳು. ಪ್ಲಾಸ್ಮಾದ ಯಾವ ಭಾಗದಿಂದ ಎಷ್ಟು ನ್ಯೂಟ್ರಾನು ಬಂದಿತೆಂಬುದನ್ನು ಅವು ತಿಳಿಸಿದವು. ಇನ್ನೊಂದು ಪರೀಕ್ಷೆ ಟ್ರಿಟಿಯಮ್ಮಿನದು. ಒಳಗೆ ಹುಟ್ಟಿದ ವೇಗದ ಟ್ರಿಟಿಯಂ ಬೀಜ ಪಂಜರದಲ್ಲಿ ಉಳಿದು ಮತ್ತೆ ಡ್ಯೂಟೀರಿಯಮ್ಮಿನೊಡನೆ ಕೂಡಿದರೆ, ಸುಮಾರು ಆರು ಪಟ್ಟು ಹೆಚ್ಚು ಶಕ್ತಿಯ ನ್ಯೂಟ್ರಾನ್ ಬರುತ್ತದೆ. ಅದು ಬಂದಿತು. ಹಾಗೆ ಕೂಡಿದ ಟ್ರಿಟಿಯಂ ನೂರಕ್ಕೆ ಅರ್ಧಕ್ಕಿಂತ ಕಡಿಮೆಯೇ. ಆದರೂ ಅಷ್ಟು ವೇಗದ ಕಣವನ್ನು ಹೊಸೆದ ಪಂಜರ ಹಿಡಿಯಬಲ್ಲುದೆಂಬುದಕ್ಕೆ ಅದು ಪ್ರಮಾಣ. ಪ್ಲಾಸ್ಮಾದ ಉಂಗುರವನ್ನು ತುಸು ಒಳಕ್ಕೆ ಸರಿಸಿದಾಗ ಹಿಡಿತ ಇನ್ನೂ ಬಿಗಿಯಾಯಿತು.

ಸೋಲಿನ ಸುದ್ದಿಯನ್ನೂ ನ್ಯೂಟ್ರಾನುಗಳೇ ತಂದವು. ಕೆಲವೊಮ್ಮೆ ವೇಗದ ಅಯಾನುಗಳು ತಾವೇ ಅಲೆಯನ್ನೆಬ್ಬಿಸಿ, ಆ ಅಲೆಗೆ ಸಿಕ್ಕಿ ಗುಂಪಾಗಿ ಚೆಲ್ಲಿಹೋಗುತ್ತಿದ್ದವು. ಎಣಿಕೆ ಥಟ್ಟನೆ ಇಳಿಯುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬ ನಮ್ಮ ಗಾದೆ ಟೋಕಿಗೂ ಒಪ್ಪುತ್ತದೆ.

ಡ್ಯೂಟೀರಿಯಂ ಪ್ರಯೋಗಗಳು 2022ರಲ್ಲಿ ಮುಗಿದವು. ಸಮ್ಮಿಲನದ ವಿದ್ಯುತ್ತು ಇನ್ನೂ ಯಾರ ಮನೆಯ ದೀಪವನ್ನೂ ಹಚ್ಚಿಲ್ಲ. ಆದರೆ ಪಂಜರ ಎಲ್ಲಿ ಬಿಗಿ, ಎಲ್ಲಿ ಸಡಿಲವೆಂಬ ಲೆಕ್ಕ ಈಗ ಮುಂದಿನ ಯಂತ್ರವನ್ನು ಕಟ್ಟುವವರ ಕೈಯಲ್ಲಿದೆ. ಬೆಟ್ಟದ ಕೆಳಗೆ ಕುಂಬಾರರು ಎಂದಿನಂತೆ ಬಟ್ಟಲುಗಳನ್ನು ಬೇಯಿಸುತ್ತಿದ್ದಾರೆ. ಒಂದೇ ಬಾರಿಗೆ ಆವಿಗೆಯ ಗುಣವನ್ನು ಅರಿತವರು ಆ ಊರಿನಲ್ಲಿ ಎಂದೂ ಇರಲಿಲ್ಲ.